ಸಕ್ಕರೆ ಅಚ್ಚಿನ ಪಾಕ

ಸಂಕ್ರಾಂತಿಯಲ್ಲಿ ಎಳ್ಳು ಬೀರುವ ತಟ್ಟೆಯ ಮೇಲೆ ಸಕ್ಕರೆ ಅಚ್ಚಿಗೆ ಸಲ್ಲುವ ಮರ್ಯಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಹಬ್ಬದ ಹಿಂದಿನ ರಾತ್ರಿ, ಮರದ ಅಚ್ಚನ್ನು ಬಿಚ್ಚಿದೊಡನೆ ಗಿಳಿಯ ಕೊಕ್ಕು ಮುರಿದು, ಆನೆಯ ಸೊಂಡಿಲು ಒಳಗೇ ಉಳಿದುಹೋದಾಗ ಆಗುವ ಸಂಕಟವು ಅಡುಗೆಮನೆಯ ಹೊರಗಿರುವವರಿಗೆ ತಿಳಿಯದು. ಅಚ್ಚು ಮಾಡಿದ ಬಡಗಿಯನ್ನು ದೂರುವುದು ವಾಡಿಕೆ. ತಪ್ಪು ಬಹುಮಟ್ಟಿಗೆ ಪಾಕದ್ದು.

ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸುವಾಗ ಎರಡು ಚಮಚ ಹಾಲು ಬಿಟ್ಟರೆ ಕೊಳೆಯು ನೊರೆಯೊಡನೆ ಮೇಲಕ್ಕೆ ಬರುವುದು. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಬೇಕು. ಇಲ್ಲಿಯವರೆಗೆ ಕಷ್ಟವೇನೂ ಇಲ್ಲ.

ನೀರು ಆವಿಯಾಗಿ ಹೋದಷ್ಟೂ ಪಾಕವು ಕುದಿಯುವ ಉಷ್ಣತೆ ಏರುತ್ತದೆ. ಬೆರಳುಗಳ ನಡುವೆ ಎಳೆ ನಿಲ್ಲುವಾಗ ಅದು 110 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುವುದು. ತಣ್ಣೀರಿಗೆ ಬಿಟ್ಟ ಹನಿ ಮೆತ್ತನೆಯ ಉಂಡೆಯಾಗುವಾಗ 115ರ ಸಮೀಪ. 150ರ ಹತ್ತಿರ ಬಂದರೆ ಆ ಹನಿಯೇ ಗಾಜಿನಂತೆ ಚಟ್ಟನೆ ಮುರಿಯುವುದು. ಇವೆಲ್ಲ ಸಮುದ್ರಮಟ್ಟದ ಲೆಕ್ಕಗಳು. ಸುಮಾರು 2,500 ಅಡಿ ಎತ್ತರದಲ್ಲಿರುವ ಮೈಸೂರಿನಲ್ಲಿ ನೀರೇ 97½ರ ಹತ್ತಿರ ಕುದಿಯುವುದರಿಂದ, ಉಷ್ಣಮಾಪಕವನ್ನು ನಂಬುವವರು ಎರಡೂವರೆ ಡಿಗ್ರಿಯನ್ನು ಕಳೆದುಕೊಳ್ಳಬೇಕು. ಇಲ್ಲವಾದರೆ ಪಾಕ ಮೀರುವುದು. ನಮ್ಮ ಅಜ್ಜಿಯರಿಗೆ ಈ ತಿದ್ದುಪಡಿ ಬೇಕಾಗಿರಲಿಲ್ಲ. ಬೆರಳು ಅಳೆಯುವುದು ಶಾಖವನ್ನಲ್ಲ, ಪಾಕದ ಗಟ್ಟಿತನವನ್ನು. ಹಾಗೆಂದು ಕುದಿಯುವ ಪಾಕಕ್ಕೆ ಬೆರಳಿಡಬೇಡಿ. ಹನಿಯನ್ನು ತಟ್ಟೆಗೆ ಹಾಕಿ, ಆರಿದ ಮೇಲೆ ಮುಟ್ಟಿ ನೋಡಿ.

ಅಚ್ಚಿಗಾದರೋ ಎಳೆ ಬಂದರಷ್ಟೇ ಸಾಲದು. ಪಾಕವನ್ನು ಸ್ವಲ್ಪ ಸ್ವಲ್ಪವಾಗಿ ಚಿಕ್ಕ ಪಾತ್ರೆಗೆ ತೆಗೆದುಕೊಂಡು, ಹದವಾದ ಉರಿಯಲ್ಲಿ ಕೈಬಿಡದೆ ತಿರುವಬೇಕು. ಅಂಚಿನಲ್ಲಿ ಬಿಳುಪು ತೋರಿದ ಕ್ಷಣವೇ ಇಳಿಸಿ, ನೀರಿನಲ್ಲಿ ನೆನೆಸಿ ಇಟ್ಟ ಮರದ ಅಚ್ಚಿಗೆ ಸುರಿಯಬೇಕು. ಬಿಳುಪಿಗೆ ಮುಂಚೆ ಸುರಿದರೆ ಗೊಂಬೆ ಅಂಟಾಗಿಯೇ ಉಳಿಯುವುದು. ತಡಮಾಡಿದರೆ ಪಾತ್ರೆಯಲ್ಲಿಯೇ ಮರಳುಗಟ್ಟುವುದು. ಆ ಬಿಳುಪು ಸಕ್ಕರೆಯು ಮತ್ತೆ ಹರಳಾಗತೊಡಗಿದುದರ ಗುರುತು. ಜಾಂಗೀರಿನ ಪಾಕಕ್ಕೆ ಹಿಂಡುವ ನಿಂಬೆಯ ರಸ ಇಲ್ಲಿ ಸಲ್ಲದು. ಹುಳಿಯು ಹರಳುಗಟ್ಟುವುದನ್ನು ತಡೆಯುತ್ತದೆ. ನಮಗೆ ಬೇಕಾದುದು ಹರಳೇ.

ಪಾತ್ರೆಯಲ್ಲಿ ಗಟ್ಟಿಯಾದ ಪಾಕವನ್ನು ಕಂಡು ಧೈರ್ಯಗೆಡಬೇಕಾಗಿಲ್ಲ. ಬಣ್ಣ ಕೆಂಪಗಾಗದಿದ್ದರೆ ನೀರು ಬಿಟ್ಟು, ಪೂರ್ತಿಯಾಗಿ ಕರಗಿಸಿ, ಮೊದಲಿನಿಂದ ಕಾಯಿಸಬಹುದು. ಕೊಕ್ಕು ಮುರಿದ ಗಿಳಿಯನ್ನೂ ಅದರಲ್ಲಿಯೇ ಹಾಕಿ.