ಹೊಸ ಅಕ್ಕಿಯ ಪಾಲು ಎಲ್ಲರಿಗೂ
(ಮಾತೆ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ, ಸೆಪ್ಟೆಂಬರ್ 8)



ಒಂಬತ್ತು ದಿನ ನಮ್ಮ ಮಕ್ಕಳು ಬಾಲೆ ಮರಿಯಮ್ಮನವರಿಗೆ ಹೂವು ಅರ್ಪಿಸಿದ್ದಾರೆ. ಇಂದು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಒಯ್ಯುತ್ತೇವೆ. ನಾವು ಇಂದು ಗೌರವಿಸುವುದು ಒಂದು ಕೂಸನ್ನು. ಆ ಕೂಸು ಇನ್ನೂ ದೇವದೂತನಿಗೆ ಉತ್ತರ ಕೊಟ್ಟಿಲ್ಲ, ಶಿಲುಬೆಯ ಬಳಿ ನಿಂತಿಲ್ಲ. ಆದರೂ ದೇವರ ದೃಷ್ಟಿಯಲ್ಲಿ ಆಗಲೇ ಅಮೂಲ್ಯ.

ಇಂದಿನ ಲೋಕದ ಅಳತೆಗೋಲೇ ಬೇರೆ. ಊಟ ತಲುಪಿಸುವ ಯುವಕನಿಗೆ ಮೊಬೈಲಿನಲ್ಲಿ ನಕ್ಷತ್ರಗಳನ್ನು ಕೊಡುತ್ತೇವೆ. ಅವು ಇಳಿದರೆ ಅವನ ಸಂಪಾದನೆಗೆ ಕುತ್ತು. ಕೆಲಸಕ್ಕೆ ಅರ್ಜಿ ಹಾಕಿದವರ ವಿವರವನ್ನು ಎಷ್ಟೋ ಕಡೆ ಮೊದಲು ಕಂಪ್ಯೂಟರೇ ಸೋಸುತ್ತದೆ. ಫೋಟೋಗೆ ಲೈಕ್ ಬಾರದಿದ್ದರೆ ಹರೆಯದ ಮಕ್ಕಳು ಕುಗ್ಗುತ್ತಾರೆ. ಅಲ್ಗಾರಿದಂ ಎಂಬ ಈ ಲೆಕ್ಕಾಚಾರದಿಂದ ಉಪಕಾರವೂ ಇದೆ. ರೋಗ ಪತ್ತೆಹಚ್ಚಲು ಅದು ವೈದ್ಯರಿಗೆ ನೆರವಾಗುತ್ತದೆ. ಆದರೆ ನಾವು ಮಾಡಿದ್ದನ್ನು ಎಣಿಸಬಲ್ಲ ಯಂತ್ರಕ್ಕೆ ನಮ್ಮನ್ನು ಪ್ರೀತಿಸಲು ಬಾರದು.

ಇಂದಿನ ಶುಭಸಂದೇಶದಲ್ಲಿ ಸಂತ ಮತ್ತಾಯರು ಯೇಸುವಿನ ವಂಶಾವಳಿಯನ್ನು ಕೊಡುತ್ತಾರೆ. ಅರಸರ ನಡುವೆ ರೂತಳ ಹೆಸರೂ ಇದೆ. ಆಕೆ ಮೋವಾಬ್ ನಾಡಿನ ವಿಧವೆ, ಪರರ ಹೊಲದಲ್ಲಿ ಬಿದ್ದ ತೆನೆ ಆಯ್ದು ಅತ್ತೆಯನ್ನು ಸಾಕಿದವಳು. ಲೋಕದ ಲೆಕ್ಕದಲ್ಲಿ ಅವಳಿಗೆ ಎಷ್ಟು ಅಂಕ ಸಿಗುತ್ತಿತ್ತು? ದೇವರು ಅವಳನ್ನು ದಾವೀದರಸನ ಮುತ್ತಜ್ಜಿಯನ್ನಾಗಿ ಮಾಡಿದರು.

2025ರ ಜನವರಿ 28ರಂದು ವ್ಯಾಟಿಕನ್ ಕೃತಕ ಬುದ್ಧಿಮತ್ತೆಯ ಕುರಿತು 'ಅಂತಿಕ್ವಾ ಎತ್ ನೋವಾ' ಎಂಬ ಪತ್ರವನ್ನು ಪ್ರಕಟಿಸಿತು. ಮನುಷ್ಯನ ಬೆಲೆ ಅವನ ಕೌಶಲ, ಯಶಸ್ಸುಗಳಿಂದ ಬರುವುದಿಲ್ಲ, ದೇವರ ಪ್ರತಿರೂಪವಾಗಿ ಸೃಷ್ಟಿಯಾದುದರಿಂದಲೇ ಬರುತ್ತದೆ ಎಂಬುದು ಅದರ ಬೋಧನೆ.

ಯಂತ್ರವನ್ನು ದೂರುವುದು ಸುಲಭ. ನಮ್ಮ ಮನೆಯಲ್ಲೂ ಅಂಕ ಹಾಕುವವರಿಲ್ಲವೇ? ಹೆಚ್ಚು ಸಂಬಳದ ಮಗನಿಗೆ ಒಂದು ಮಾತು, ಕೆಲಸ ಕಳೆದುಕೊಂಡವನಿಗೆ ಇನ್ನೊಂದು. ಮೂಲೆಯ ಮಂಚದಲ್ಲಿ ಮಲಗಿದ ಅಜ್ಜಿ, "ನಾನು ಇನ್ನು ಯಾರಿಗೆ ಬೇಕು?" ಎನ್ನುತ್ತಾರೆ. ಹಾಗೆ ಅನ್ನಿಸುವಂತೆ ಮಾಡಿದವರು ಯಾರು?

ಕರಾವಳಿಯ ನಮ್ಮ ಮನೆಗಳಲ್ಲಿ ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತೇವೆ. ದೂರದ ಊರಿನಲ್ಲಿರುವವರಿಗೂ ತೆನೆಯ ಕಾಳು ಕಳುಹಿಸುತ್ತೇವೆ. ಯಾರು ಎಷ್ಟು ಗಳಿಸಿದರೆಂದು ಆಗ ಕೇಳುವುದಿಲ್ಲ. ಮನೆಯವರಾದರೆ ಸಾಕು, ಪಾಲು ಉಂಟು. ದೇವರ ಮನೆಯ ನಿಯಮವೂ ಇದೇ.

ಇಂದು ಮೊದಲ ತುತ್ತನ್ನು ಆ ಅಜ್ಜಿಗೆ ಕೊಡಿ. ಕೆಲಸವಿಲ್ಲದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಾಗಿಲಿಗೆ ಪೊಟ್ಟಣ ತಂದ ಯುವಕನ ಹೆಸರು ಕೇಳಿ, ಒಂದು ಲೋಟ ನೀರು ಕೊಡಿ. ಬಾಲೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಆಮೆನ್.