ಗಲ್ಲೆಯ ಮೇಲಿನ ಗಾಂಧಿ

(ಅಕ್ಟೋಬರ್ 2ರ ರಾತ್ರಿ ಸಂಘದ ಕೋಣೆಯಲ್ಲಿ ಆಡಿದ ಭಾಷಣ)

ಅಧ್ಯಕ್ಷರೇ, ಗಿರಣಿಯಲ್ಲಿ ದುಡಿದು ಬಂದ ಹಿರಿಯರೇ, ಪಾಳಿ ಮುಗಿಸಿ ಹಾಗೆಯೇ ಬಂದು ಕೂತಿರುವ ಹೋಟೆಲ್ ಬಂಧುಗಳೇ,

ಹೋದ ತಿಂಗಳ ಸಭೆಯಲ್ಲಿ ನಮ್ಮ ಕೆಲವು ತರುಣರು ಒಂದು ಸೂಚನೆ ತಂದರು. ಈ ಗೋಡೆಯ ಮೇಲಿರುವ ಗಾಂಧೀಜಿಯವರ ಚಿತ್ರವನ್ನು ಇಳಿಸಬೇಕು ಎಂದು. ಮಾತಿಗೆ ಮಾತು ಬೆಳೆಯಿತು. ಒಬ್ಬ ಹಿರಿಯರು ಚಪ್ಪಲಿ ಮೆಟ್ಟಿಕೊಂಡು ಎದ್ದೇ ಹೋದರು. ಅವರು ಇವತ್ತು ಮತ್ತೆ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಸಂತೋಷ. ಹಾರ ಹಾಕಿ, ಚಹಾ ಕುಡಿದು ಚದುರುವ ಬದಲು ಈ ಸಲದ ಜಯಂತಿಗೆ ಅದೇ ವಿಷಯವನ್ನು ಎತ್ತಿಕೊಳ್ಳೋಣವೆಂದು ನಿಶ್ಚಯಿಸಿದೆವು.

ಮೊದಲು ನಮ್ಮದೇ ಒಂದು ಕಥೆ. ನಾವು ಟೇಬಲ್ ಒರೆಸುತ್ತಿದ್ದ ಕಾಲದಲ್ಲಿ ಒಂದು ಹೋಟೆಲಿನ ಗಲ್ಲೆಯ ಮೇಲೆ ಇದೇ ಬೋಳುತಲೆಯ, ಇದೇ ನಗುವಿನ ಚಿತ್ರ ಇತ್ತು. ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚುತ್ತಿದ್ದರು. ನಾಲ್ಕು ತಿಂಗಳ ಸಂಬಳ ಬಾಕಿ ಬಿದ್ದಾಗ ನಾವು ಐದಾರು ಜನ ಒಟ್ಟಾಗಿ ಹೋಗಿ ಕೇಳಿದೆವು. ಧಣಿಗಳು ಬೆರಳನ್ನು ಮೇಲಕ್ಕೆ ತೋರಿಸಿ, 'ಆ ಮಹಾತ್ಮರು ಎಷ್ಟು ದಿವಸ ಉಪವಾಸ ಮಾಡಿದ್ದರು ಗೊತ್ತುಂಟಾ? ನಿಮಗೆ ನಾಲ್ಕು ತಿಂಗಳ ತಾಳ್ಮೆ ಇಲ್ಲವಾ?' ಎಂದರು. ಅವರ ಕೈಕೆಳಗಿನ ಪೆಟ್ಟಿಗೆಯಲ್ಲಿದ್ದ ಪ್ರತಿಯೊಂದು ನೋಟಿನ ಮೇಲೂ ಆ ಮಹಾತ್ಮರದೇ ಮುಖ. ಅದು ಮಾತ್ರ ನಮ್ಮ ಕೈಗೆ ಬರಲಿಲ್ಲ.

ತರುಣರ ಸಿಟ್ಟು ನಮಗೆ ಅರ್ಥವಾಗುವುದು ಇದರಿಂದ. ಆದರೆ ಚಿತ್ರ ತೂಗುಹಾಕಿದವರ ಮೇಲಿನ ಸಿಟ್ಟೆಷ್ಟು, ಚಿತ್ರದಲ್ಲಿ ಇರುವವರ ಮೇಲಿನದೆಷ್ಟು ಎಂದು ಬೇರೆ ಬೇರೆ ಲೆಕ್ಕ ಹಾಕಬೇಕು. ಅದಕ್ಕೆ ಅಹಮದಾಬಾದಿನ ಗಿರಣಿಗಳ ಕಡೆಗೆ ಹೋಗಬೇಕು.

1917ರಲ್ಲಿ ಅಹಮದಾಬಾದಿಗೆ ಪ್ಲೇಗು ಬಂತು. ಜನ ಊರು ಬಿಟ್ಟು ಓಡುತ್ತಿದ್ದರು. ಗಿರಣಿ ನಿಲ್ಲಬಾರದೆಂದು ಮಾಲೀಕರು ಪ್ಲೇಗು ಬೋನಸ್ ಕೊಟ್ಟರು. ಕೆಲವರಿಗೆ ಅದು ಸಂಬಳದ ಶೇಕಡಾ 70ರಷ್ಟಿತ್ತು. ಪ್ಲೇಗು ಹೋಯಿತು, ಬೋನಸ್ಸೂ ಹೋಯಿತು. ಯುದ್ಧದ ಕಾಲದ ತುಟ್ಟಿ ಮಾತ್ರ ಉಳಿಯಿತು. ಕೆಲಸಗಾರರು ಶೇಕಡಾ 50 ಹೆಚ್ಚಳ ಕೇಳಿದರು, ಮಾಲೀಕರು 20 ಎಂದರು. ಗಾಂಧೀಜಿ ಲೆಕ್ಕ ಮಾಡಿ 35 ನ್ಯಾಯವೆಂದರು. 1918ರ ಫೆಬ್ರವರಿ 22ಕ್ಕೆ ಮಾಲೀಕರು ಗಿರಣಿಗೆ ಬೀಗ ಹಾಕಿದರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕೆಲಸಗಾರರ ಪಕ್ಷದಲ್ಲಿ ನಿಂತವರು ಅವರದೇ ಅಕ್ಕ ಅನಸೂಯಾಬೆನ್. ಅಕ್ಕ ತಮ್ಮಂದಿರ ನಡುವೆ ಗಾಂಧೀಜಿ. ಇಬ್ಬರೂ ಅವರಿಗೆ ಬೇಕಾದವರು.

ಶೇಕಡಾ 35 ಸಿಗುವ ತನಕ ಗಿರಣಿಗೆ ಹೋಗುವುದಿಲ್ಲ, ದಂಗೆ ಮಾಡುವುದಿಲ್ಲ, ಭಿಕ್ಷೆ ಬೇಡುವುದಿಲ್ಲ ಎಂದು ಆಣೆಯಾಯಿತು. ಚಂದಾ ಎತ್ತಿ ಹೊಟ್ಟೆಗೆ ಹಾಕುವುದು ಗಾಂಧೀಜಿಗೆ ಸಮ್ಮತವಿರಲಿಲ್ಲ. ಬೇರೆ ಕೂಲಿ ಮಾಡಿ ತಿನ್ನಿ ಎಂದರು. ಸಾಬರಮತಿಯ ಆಶ್ರಮ ಆಗ ಕಟ್ಟುತ್ತಿದ್ದರು. ನೂಲಿನ ಜನ ಅಲ್ಲಿಗೆ ಹೋಗಿ ಬುಟ್ಟಿಯಲ್ಲಿ ಮರಳು ಹೊತ್ತರು. ಮೂರು ವಾರವಾಗುವಾಗ ಬಲ ಕುಂದಿತು. ಮಾರ್ಚ್ 12ರಂದು ಮಾಲೀಕರು, 20ಕ್ಕೆ ಒಪ್ಪುವವರು ಬರಬಹುದು ಎಂದು ಬಾಗಿಲು ತೆರೆದರು. ಸಭೆಗೆ ಬನ್ನಿ ಎಂದು ಕರೆಯಲು ಹೋದವರಿಗೆ ಜುಗಲದಾಸರ ಚಾಳಿನ ಜನ ಒಂದು ಮಾತು ಹೇಳಿದರು: ಗಾಂಧಿಗೂ ಅನಸೂಯಾಬೆನ್ನಿಗೂ ಏನು, ಮೋಟಾರಿನಲ್ಲಿ ಬರುತ್ತಾರೆ ಹೋಗುತ್ತಾರೆ, ಚೆನ್ನಾಗಿ ಉಣ್ಣುತ್ತಾರೆ, ಸಾಯುತ್ತಿರುವವರು ನಾವು, ಸಭೆಯಿಂದ ಹೊಟ್ಟೆ ತುಂಬುತ್ತದೆಯೇ ಎಂಬ ಅರ್ಥದ ಮಾತು.

ಆ ಮಾತು ಗಾಂಧೀಜಿಯ ಕಿವಿಗೆ ಬಿತ್ತು. ಬೇರೆ ಮುಂದಾಳಾಗಿದ್ದರೆ ಆ ಚಾಳಿನವರನ್ನು ಕೃತಘ್ನರೆಂದು ಬೈಯುತ್ತಿದ್ದರು. (ನಮ್ಮ ಸಂಘದಲ್ಲಿಯೂ ಹಾಗೆ ಬೈದದ್ದು ಉಂಟು, ಸುಳ್ಳೇಕೆ?) ಅವರು ಮಾರ್ಚ್ 15ಕ್ಕೆ ಅನ್ನ ಬಿಟ್ಟರು. ಒಬ್ಬ ಕೂಲಿಯವನ ಚುಚ್ಚುಮಾತನ್ನು ಸತ್ಯವೆಂದು ಎದೆಗೆ ತೆಗೆದುಕೊಂಡು ತನ್ನ ಹೊಟ್ಟೆಯನ್ನೇ ಒತ್ತೆಯಿಟ್ಟ ಇನ್ನೊಬ್ಬ ನಾಯಕನನ್ನು ನಾವು ಕಾಣೆವು. ಈ ಗೋಡೆಯ ಮೇಲೆ ಅವರಿಗೆ ಜಾಗ ಸಿಕ್ಕಿರುವುದು ನಮ್ಮ ಲೆಕ್ಕದಲ್ಲಿ ಆ ಮೂರು ದಿನಕ್ಕಾಗಿ.

ಆದರೆ ಮಾರ್ಚ್ 18ರ ರಾಜಿ ಏನು? ಮೊದಲನೆಯ ದಿನಕ್ಕೆ 35, ಎರಡನೆಯ ದಿನಕ್ಕೆ 20, ಮೂರನೆಯ ದಿನದಿಂದ ಇಪ್ಪತ್ತೇಳೂವರೆ, ಆಮೇಲೆ ಪಂಚರು ಹೇಳಿದಂತೆ. ಒಂದು ದಿನದ 35 ಆಣೆಯ ಅಕ್ಷರ ಉಳಿಸಲಿಕ್ಕೆ! ಪಂಚರಾದ ಆನಂದಶಂಕರ ಧ್ರುವರು ಕಡೆಗೆ 35 ಎಂದೇ ತೀರ್ಪಿತ್ತರು, ನಿಜ. ತಾನು ತಂದದ್ದು ಆಣೆಯ ಅಕ್ಷರಕ್ಕೆ ಸಾಕು, ಅದರ ಜೀವಕ್ಕೆ ಸಾಲದು ಎಂದು ಗಾಂಧೀಜಿಯೇ ಕೆಲಸಗಾರರ ಮುಂದೆ ಹೇಳಿದರು. ಮಾಲೀಕರು ತನಗೆ ಆಪ್ತರಾದ್ದರಿಂದ ಆ ಉಪವಾಸ ಅವರ ಮೇಲೆ ಒತ್ತಾಯವಾಯಿತು, ಅದು ದೋಷವೆಂದು ಆತ್ಮಕಥೆಯಲ್ಲಿ ಒಪ್ಪಿಕೊಂಡರು.

ನಮ್ಮ ತಕರಾರು ಇಲ್ಲಿಂದ ಶುರುವಾಗುತ್ತದೆ. ಮಾಲೀಕರಿಗೆ ಒತ್ತಾಯವಾಯಿತಲ್ಲ ಎಂದು ಅವರು ನೊಂದರು. ಇಪ್ಪತ್ತೈದು ದಿನ ಬರಿಹೊಟ್ಟೆಯಲ್ಲಿದ್ದವರ ಮೇಲೆ ಆದ ಒತ್ತಾಯಕ್ಕೆ ಯಾವ ತಕ್ಕಡಿ? ಶ್ರೀಮಂತ ತನ್ನ ಸಂಪತ್ತಿಗೆ ಧರ್ಮದರ್ಶಿಯಂತೆ ನಡೆಯಬೇಕು, ಕೆಲಸಗಾರ ಅವನ ಮನಸ್ಸನ್ನು ಕರಗಿಸಬೇಕು ಎಂಬುದು ಅವರ ಬೋಧೆ. ಧರ್ಮದರ್ಶಿ ಲೆಕ್ಕ ಕೊಡದಿದ್ದರೆ ಯಾರು ಕೇಳಬೇಕು ಎಂಬುದಕ್ಕೆ ಗಟ್ಟಿಯಾದ ಉತ್ತರ ಅವರಲ್ಲಿ ನಮಗೆ ಸಿಗಲಿಲ್ಲ. 1920ರಲ್ಲಿ ಅಹಮದಾಬಾದಿನಲ್ಲಿ ಮಜೂರ್ ಮಹಾಜನ ಹುಟ್ಟಿತು. ಶಾಲೆ, ದವಾಖಾನೆ ನಡೆಸಿತು, ಒಳ್ಳೆಯ ಕೆಲಸ. ಅದೇ ವರ್ಷ ದೇಶದ ಕಾರ್ಮಿಕರೆಲ್ಲರ ಎಐಟಿಯುಸಿ ಮುಂಬಯಿಯಲ್ಲಿ ಹುಟ್ಟಿದಾಗ ಮಹಾಜನ ಅದರಿಂದ ದೂರ ಉಳಿಯಿತು.

ಅಹಮದಾಬಾದಿನ ಆ ಪದ್ಧತಿ ಕಾಯಿದೆಯಾಗಿ ನಮ್ಮ ಊರಿಗೆ ಬಂತು. ಮುಂಬಯಿ ಪ್ರಾಂತದ ಕಾಂಗ್ರೆಸ್ ಸರಕಾರ 1938ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆ ತಂದು ಸಂಪಿಗೆ ಕಟ್ಟಳೆ ಹಾಕಿತು. ಅದರ ವಿರುದ್ಧ ಆ ವರ್ಷ ನವೆಂಬರ್ 7ರಂದು ಅಂಬೇಡ್ಕರರ ಪಕ್ಷದವರೂ ಕಮ್ಯುನಿಸ್ಟರೂ ಕೂಡಿ ಗಿರಣಿ ನಿಲ್ಲಿಸಿದರು. 1946ರ ಕಾಯಿದೆ ಇನ್ನೂ ಮುಂದೆ ಹೋಗಿ, ಒಂದು ಪ್ರದೇಶದ ಒಂದು ಕೈಗಾರಿಕೆಗೆ ಒಂದೇ ಪ್ರತಿನಿಧಿ ಸಂಘ ಎಂದಿತು. ಆಗ ಕಾರ್ಮಿಕ ಮಂತ್ರಿಯಾಗಿದ್ದ ಗುಲ್ಜಾರಿಲಾಲ್ ನಂದಾ ಮಜೂರ್ ಮಹಾಜನದಲ್ಲೇ ಪಳಗಿದವರು. ಇದರ ಬಿಸಿ ಏನೆಂದು ಇಲ್ಲಿ ಕೂತ ಹಿರಿಯರಿಗೆ ನಾವು ಹೇಳಬೇಕಾಗಿಲ್ಲ. 1982ರ ಜನವರಿ 18ರಿಂದ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಜನ ಹೊರಗೆ ನಿಂತರು. ಸರಕಾರ, ಮಾಲೀಕರು ಮಾತಾಡುವುದು ಮಾನ್ಯತೆಯ ಸಂಘದ ಕೂಡ ಮಾತ್ರ ಎಂದರು. ಆ ಸಂಘದಲ್ಲಿ ಜನ ಇರಲಿಲ್ಲ, ಜನ ಇದ್ದ ಸಂಘಕ್ಕೆ ಮಾನ್ಯತೆ ಇರಲಿಲ್ಲ. ನಮ್ಮ ಹುಡುಗರು ಇಂದು ಊಟದ ಡಬ್ಬಿ ಮುಟ್ಟಿಸುವ ಪರೇಲಿನ ಗಾಜಿನ ಕಟ್ಟಡಗಳು ಗಿರಣಿಗಳ ಮೇಲೆ ಎದ್ದವು. 1948ರಲ್ಲಿ ಗುಂಡಿಗೆ ಬಲಿಯಾದ ಮನುಷ್ಯನ ತಲೆಗೆ 1982ನ್ನು ಕಟ್ಟುವುದು ಅನ್ಯಾಯ. ಆದರೂ ಸಂಪಿಗಿಂತ ಪಂಚಾಯಿತಿ ಮೇಲು, ಪಂಚರು ಯಾರೆಂಬುದನ್ನು ದೊಡ್ಡವರು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯ ಬೇರು 1918ರ ಆ ರಾಜಿಯಲ್ಲಿದೆ ಎಂದು ನಮಗೆ ಕಾಣುತ್ತದೆ.

ಜಾತಿಯ ವಿಷಯದಲ್ಲಿ ತರುಣರ ಮಾತು ಇನ್ನೂ ಹರಿತ. 1932ರ ಸೆಪ್ಟೆಂಬರ್ 20ರಂದು ಯರವಡಾ ಜೈಲಿನಲ್ಲಿ ಕೂತ ಉಪವಾಸ ಅಸ್ಪೃಶ್ಯರಿಗೆ ಸಿಕ್ಕಿದ್ದ ಪ್ರತ್ಯೇಕ ಮತಕ್ಕೆ ವಿರುದ್ಧವಾಗಿತ್ತು. 24ಕ್ಕೆ ಒಪ್ಪಂದವಾಯಿತು. ಮೀಸಲು ಸ್ಥಾನ 71 ಇದ್ದದ್ದು 148 ಆಯಿತು, ಆದರೆ ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುವ ಹಕ್ಕು ಹೋಯಿತು. ಮಹಾತ್ಮರ ಪ್ರಾಣ ಹೋದರೆ ಹಳ್ಳಿ ಹಳ್ಳಿಯ ಕೇರಿಗೆ ಏನಾದೀತು ಎಂಬ ಭಯ ಇರುವಾಗ ಅಂಬೇಡ್ಕರರು ಮಾಡಿದ ಸಹಿ ಅದು. ಮಾಲೀಕರಿಗೆ ಒತ್ತಾಯವಾಯಿತೆಂದು ನೊಂದವರು ಇಲ್ಲಿ ಅಷ್ಟು ನೊಂದಂತೆ ಕಾಣುವುದಿಲ್ಲ. ವರ್ಣವನ್ನು ಬಹುಕಾಲ ಸಮರ್ಥಿಸಿದವರು, ಕಡೆಗಾಲದಲ್ಲಿ ಸವರ್ಣ-ಹರಿಜನ ಮದುವೆಯಾದರೆ ಮಾತ್ರ ಆಶೀರ್ವಾದ ಎನ್ನುವ ತನಕ ಬದಲಾದರು ಎಂಬುದನ್ನೂ ಹೇಳಬೇಕು.

ನಮ್ಮ ಎಲೆಯಲ್ಲಿ ಸತ್ತು ಬಿದ್ದ ಕತ್ತೆ ನೋಡೋಣ. ಮುಂಬಯಿ ಗಿರಣಿಗಳ ನೇಯ್ಗೆ ಖಾತೆಯಲ್ಲಿ ಸಂಬಳ ಹೆಚ್ಚು. ಲಾಳಿಯ ಕಣ್ಣಿನಿಂದ ನೂಲನ್ನು ಬಾಯಿಯಲ್ಲಿ ಎಳೆಯಬೇಕು. ಎಂಜಲು ಮೈಲಿಗೆ ಎಂದು ಅಸ್ಪೃಶ್ಯರನ್ನು ಅಲ್ಲಿಗೆ ಬಿಡದವರು ಜೊತೆಯ ಕೆಲಸಗಾರರೇ. 1928ರ ದೊಡ್ಡ ಸಂಪಿನಲ್ಲಿ ಅಂಬೇಡ್ಕರರು ಇದನ್ನು ಎತ್ತಬೇಕಾಯಿತು. ಅಹಮದಾಬಾದಿನ ಮಹಾಜನದ ನೆರಳಿನಲ್ಲೇ ಇಳಾ ಭಟ್ಟರು 1972ರಲ್ಲಿ ದುಡಿಯುವ ಹೆಂಗಸರ ಸೇವಾ ಸಂಘ ಕಟ್ಟಿದರು. 1981ರ ಮೀಸಲಾತಿ ವಿರೋಧಿ ಗಲಭೆಯಲ್ಲಿ ಅವರು ದಲಿತರ ಪರ ಮಾತಾಡಿದ ಮೇಲೆ ಮಹಾಜನ ಅವರನ್ನು ಹೊರಗಿಟ್ಟಿತು. ಗಾಂಧಿಯ ಹೆಸರಿನ ಮನೆಯಿಂದ!

ಆಫ್ರಿಕದ ಮಾತೂ ಬಂದಿತ್ತು. ಮೊದಲ ವರ್ಷಗಳಲ್ಲಿ ಅಲ್ಲಿಯ ಕರಿಯರ ವಿಷಯವಾಗಿ ಅವರು ಕೀಳಾಗಿ ಬರೆದದ್ದು ನಿಜ. ಘಾನಾದ ವಿಶ್ವವಿದ್ಯಾಲಯದಿಂದ 2018ರಲ್ಲಿ ಅವರ ಪ್ರತಿಮೆ ತೆಗೆದದ್ದೂ ನಿಜ. 1913ರಲ್ಲಿ ಕಲ್ಲಿದ್ದಲ ಗಣಿಯ ಕೂಲಿಗಳ ಮುಂದೆ ನಡೆದು, ಅವರ ತಲೆಯ ಮೇಲಿದ್ದ ಮೂರು ಪೌಂಡಿನ ತೆರಿಗೆ ಹೋಗುವಂತೆ ಮಾಡಿದವರೂ ಅವರೇ.

ನಮ್ಮ ಅಭಿಪ್ರಾಯ ಕೇಳಿದರೆ, ಚಿತ್ರ ಇರಲಿ, ಊದುಬತ್ತಿ ಬೇಡ. ಪಕ್ಕದಲ್ಲಿ ಅಂಬೇಡ್ಕರರ ಚಿತ್ರ ಅದೇ ಎತ್ತರಕ್ಕೆ ಬರಲಿ, ಒಂದು ಬೆರಳೂ ಕೆಳಗಲ್ಲ. ಜುಗಲದಾಸರ ಚಾಳಿನ ಆ ಮನುಷ್ಯನ ಹೆಸರು ಉಳಿದಿಲ್ಲ, ಚಿತ್ರವೂ ಇಲ್ಲ. ಅವನ ಮಾತನ್ನು ದಪ್ಪ ಅಕ್ಷರದಲ್ಲಿ ಬರೆದು, ಸಂಘದ ಪದಾಧಿಕಾರಿಗಳು ಕೂರುವ ಕುರ್ಚಿಯ ಎದುರಿಗೆ ಅಂಟಿಸಬೇಕೆಂದು ನಮ್ಮ ಆಸೆ. ನಾವು ದಿನಾ ಓದುವಂತಿರಬೇಕು.

ಮತ ನಿಮ್ಮದು. ಬರುವ ಸೋಮವಾರ ರಾತ್ರಿ ಹನ್ನೊಂದೂವರೆಗೆ, ಕೊನೆಯ ಪಾಳಿಯವರು ಬಂದ ಮೇಲೆ ಚೀಟಿ ಹಾಕುವುದು. ಕ್ಲೀನರ್ ಹುಡುಗರಿಗೂ ಒಂದು ಚೀಟಿ, ಅಧ್ಯಕ್ಷರಿಗೂ ಒಂದೇ ಚೀಟಿ.