ಆಟ ಕಟ್ಟಿದವನ ಹೆಸರೆಲ್ಲಿ?

(ಹುಕ್ಕೇರಿಯಲ್ಲಿ ಹೆತ್ತವರು ಹಾಗೂ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವೀಡಿಯೋ ಗೇಮ್ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ, ಅವರು ನನ್ನಿಂದ ಎಚ್ಚರಿಕೆಯ ಭಾಷಣವೊಂದನ್ನು ನಿರೀಕ್ಷಿಸಿದ್ದರೆಂದು ಕಾಣುತ್ತದೆ. ಮಕ್ಕಳು ನಿದ್ದೆಗೆಡುತ್ತಿದ್ದಾರೆ, ಓದು ಹಿಂದೆ ಬಿದ್ದಿದೆ, ಮೊಬೈಲ್ ಕಸಿದುಕೊಳ್ಳಿ ಎಂಬ ಮಾತು. ಆ ಆತಂಕ ನಿರಾಧಾರವೆಂದು ನಾನು ಹೇಳಲಾರೆ. ಆದರೆ ಗೋಕಾಕದಿಂದ ಇಲ್ಲಿಗೆ ಬರುವ ಬಸ್ಸಿನಲ್ಲಿ ಕೇಳಿಸಿಕೊಂಡ ಒಂದು ವಾದ ನನ್ನ ಭಾಷಣದ ದಿಕ್ಕನ್ನೇ ಬದಲಿಸಿತು.

ಇಬ್ಬರು ಕಾಲೇಜು ಹುಡುಗರು. ಒಬ್ಬ ಮೂಡಲಗಿಯವನು, ಇನ್ನೊಬ್ಬ ಗೋಕಾಕದವನು. ಪಬ್‌ಜಿಯನ್ನು ನೋಡಿಯೇ ಫ್ರೀ ಫೈರ್ ಮಾಡಿದರೇ ಎಂಬುದು ಅವರ ಜಗಳ. ಪಬ್‌ಜಿಯ ಒಡೆತನದ ಕೊರಿಯಾದ ಕ್ರಾಫ್ಟನ್ ಕಂಪೆನಿಯು 2022ರ ಜನವರಿಯಲ್ಲಿ ಫ್ರೀ ಫೈರ್‌ನ ಗರೇನಾ ಕಂಪೆನಿಯ ಮೇಲೆ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿದ ಸುದ್ದಿ ಅವರಿಗೆ ಬಾಯಿಪಾಠವಾಗಿತ್ತು. ಮೊದಲು ಮಾಡಿದವನದ್ದೇ ಹಕ್ಕು ಎಂದು ಒಬ್ಬ. ದ್ವೀಪವೊಂದರಲ್ಲಿ ಇಳಿದು ಕೊನೆಯವರೆಗೂ ಉಳಿಯುವ ಆಟ ಯಾರ ಅಪ್ಪನ ಆಸ್ತಿಯೂ ಅಲ್ಲ ಎಂದು ಮೂಡಲಗಿಯವನು. ನನಗೆ ಅಚ್ಚರಿಯಾಯಿತು. ಕಲ್ಪನೆಯ ಮೇಲೆ ಕೃತಿಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಿಸಿದ ರೂಪದ ಮೇಲೆ ಮಾತ್ರ ಇದೆ ಎಂದು ನಮ್ಮ ಸುಪ್ರೀಂ ಕೋರ್ಟು 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದ್ದನ್ನು ಆ ಹುಡುಗ ತನಗರಿವಿಲ್ಲದೆಯೇ ಹೇಳುತ್ತಿದ್ದ. ಪಬ್‌ಜಿಯನ್ನು ರೂಪಿಸಿದ ಐರ್ಲೆಂಡಿನ ಬ್ರೆಂಡನ್ ಗ್ರೀನ್ ಕೂಡ ಮೊದಲು ಒಬ್ಬ ಅಭಿಮಾನಿಯೇ. ಬೇರೆ ಕಂಪೆನಿಯ ಆಟವೊಂದನ್ನು ತಿದ್ದುತ್ತಾ, 2000ದ ಒಂದು ಜಪಾನೀ ಸಿನಿಮಾದಿಂದ ಪ್ರೇರಣೆ ಪಡೆದು ಆತ ಈ ಬಗೆಯ ಆಟಕ್ಕೆ ಕೈಹಚ್ಚಿದ್ದ.

ಈ ಹುಡುಗರನ್ನು ನಾವು 'ಗೇಮ್ ಹುಚ್ಚರು' ಎಂದು ಕರೆದು ಸುಮ್ಮನಾಗುತ್ತೇವೆ. ದುಡಿದವನಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆಯನ್ನು ಅವರು ಮನೆಯಲ್ಲಿ ಎತ್ತಿದರೆ ಕೇಳುವವರು ಯಾರು?

ಒಂದು ಹಳೆಯ ಪ್ರಸಂಗವನ್ನು ವಿವರವಾಗಿ ಹೇಳುತ್ತೇನೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಅಟಾರಿ ಕಂಪೆನಿಯು ಗೇಮ್ ಮಾರಿ ಅಪಾರ ಹಣ ಗಳಿಸುತ್ತಿತ್ತು. ಒಂದೊಂದು ಗೇಮನ್ನೂ ಒಬ್ಬೊಬ್ಬ ಎಂಜಿನಿಯರ್ ಒಬ್ಬನೇ ಕುಳಿತು ಬರೆಯುತ್ತಿದ್ದ. ಪೆಟ್ಟಿಗೆಯ ಮೇಲೆ ಮಾತ್ರ ಅವನ ಹೆಸರಿಲ್ಲ, ಮಾರಾಟದಲ್ಲಿ ಪಾಲೂ ಇಲ್ಲ. ಡೇವಿಡ್ ಕ್ರೇನ್ ಮತ್ತು ಮೂವರು ಸಂಗಾತಿಗಳು ಹೋಗಿ ಹೆಸರು ಮತ್ತು ಪಾಲು ಕೇಳಿದರು. ಕಾರ್ಟ್ರಿಜ್ ಜೋಡಿಸುವ ಕೂಲಿಯವನಿಗಿಂತ ನೀವೇನೂ ಹೆಚ್ಚಿನವರಲ್ಲ ಎಂಬ ಅರ್ಥದ ಉತ್ತರ ಸಿಕ್ಕಿತೆಂದು ಕ್ರೇನ್ ಹೇಳಿಕೊಂಡಿದ್ದಾರೆ. (ಜೋಡಿಸುವವನೇನು ಕಡಿಮೆಯೇ ಎಂದು ನಾನಂತೂ ಕೇಳುತ್ತೇನೆ, ಆ ಮಾತು ಬೇರೆ.) ನಾಲ್ವರೂ ಹೊರಬಂದು 1979ರಲ್ಲಿ ಆಕ್ಟಿವಿಷನ್ ಕಂಪೆನಿಯನ್ನು ಕಟ್ಟಿದರು. ಗೇಮ್ ರಚಿಸಿದವನ ಹೆಸರನ್ನು ಪೆಟ್ಟಿಗೆಯ ಮೇಲೆಯೇ ಮುದ್ರಿಸಿದರು.

ಅದೇ ಅಟಾರಿಯಲ್ಲಿದ್ದ ವಾರೆನ್ ರಾಬಿನೆಟ್ ಎಂಬ ಇನ್ನೊಬ್ಬ ಎಂಜಿನಿಯರ್ ಜಗಳಕ್ಕೆ ಹೋಗಲಿಲ್ಲ. ತಾನು ಬರೆದ 'ಅಡ್ವೆಂಚರ್' ಎಂಬ ಗೇಮ್‌ನೊಳಗೆ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆಯನ್ನು ಮಾಡಿ, ಇದನ್ನು ರಚಿಸಿದವನು ನಾನು ಎಂದು ಅಲ್ಲಿ ತನ್ನ ಹೆಸರು ಬರೆದಿಟ್ಟು ಕೆಲಸ ಬಿಟ್ಟ. 1980ರಲ್ಲಿ ಗೇಮ್ ಮಾರುಕಟ್ಟೆಗೆ ಬಂತು. ಆ ಕೋಣೆಯನ್ನು ಕಂಡುಹಿಡಿದದ್ದು ಉಟಾ ರಾಜ್ಯದ ಒಬ್ಬ ಬಾಲಕ. ಆತ ಪತ್ರ ಬರೆದು ಕೇಳಿದಾಗಲೇ ಕಂಪೆನಿಗೆ ವಿಷಯ ತಿಳಿದದ್ದು. ಕಂಪೆನಿ ಮುಚ್ಚಿಟ್ಟ ಹೆಸರನ್ನು ಹೊರಗೆ ತಂದವನು, ದಿನವಿಡೀ ಗೇಮ್ ಆಡುತ್ತಾನೆಂದು ಬಹುಶಃ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಒಬ್ಬ ಹುಡುಗ!

ಇದು ದೂರದ ಕಥೆ ಎನ್ನಬೇಡಿ. ಗೋಕಾಕದ ಮರದ ಗೊಂಬೆಗಳು, ಬಣ್ಣ ಬಳಿದ ಮರದ ಹಣ್ಣುಗಳು ನಾಡಿಗೆಲ್ಲ ಪರಿಚಿತ. ಗೊಂಬೆಗೆ ಊರಿನ ಹೆಸರುಂಟು, ಕೆತ್ತಿದ ಕೈಯ ಹೆಸರಿಲ್ಲ. ಈ ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ನೋಡಿ. ಒಳಗೆ ಮಲಗಿದ ಸರದಾರರ ಹೆಸರನ್ನು ಹೇಳುವವರಿದ್ದಾರೆ, ಕಟ್ಟಿದ ಗವಂಡಿಯ ಹೆಸರನ್ನು ಯಾರು ಹೇಳುತ್ತಾರೆ?

ಇನ್ನು ಹಣ ಕೊಟ್ಟು ಕೊಂಡವನ ಸ್ಥಿತಿ. ಯೂಬಿಸಾಫ್ಟ್ ಕಂಪೆನಿಯು 'ದಿ ಕ್ರೂ' ಎಂಬ ಗೇಮ್‌ನ ಸರ್ವರನ್ನು 2024ರ ಮಾರ್ಚ್ 31ರಂದು ನಿಲ್ಲಿಸಿತು. ದುಡ್ಡು ಕೊಟ್ಟವರ ಕೈಯಲ್ಲಿ ಏನೂ ಉಳಿಯಲಿಲ್ಲ. ಅದನ್ನು ಖಂಡಿಸಿ ಆಟಗಾರರು ಆರಂಭಿಸಿದ ಚಳವಳಿಯ ಮನವಿಗೆ ಯುರೋಪಿನಲ್ಲಿ 2025ರ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ನಮ್ಮಲ್ಲಿ 2020ರ ಸೆಪ್ಟೆಂಬರ್ 2ರಂದು ಸರಕಾರ ಪಬ್‌ಜಿ ಸಹಿತ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ದೇಶದ ಭದ್ರತೆಯ ಬಗ್ಗೆ ಗಂಟೆಗಟ್ಟಲೆ ಚರ್ಚೆಯಾಯಿತು. ಆಡುವವನ ಹಣದ ಬಗ್ಗೆ ಯಾರೂ ಕೇಳಲಿಲ್ಲ.

ಯುವ ಮಿತ್ರರೇ, ನಿಮಗೂ ಎರಡು ಮಾತು ಹೇಳಲಿಕ್ಕಿದೆ. ನೀವು ಸುದ್ದಿಯೆಂದು ನಂಬುವ ವೀಡಿಯೋಗಳಲ್ಲಿ ಎಷ್ಟೋ ಜಾಹೀರಾತುಗಳಿರುತ್ತವೆ. ಹಣ ಅಥವಾ ಉಡುಗೊರೆ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಸರಕಾರ 2023ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹೊಗಳುವವನ ಜೇಬಿಗೆ ಯಾರ ಹಣ ಬಿತ್ತು ಎಂದು ಮೊದಲು ನೋಡಿ. ಎರಡನೆಯದು ಕಳ್ಳ ಪ್ರತಿಗಳ ವಿಷಯ. ನಮ್ಮ ಬಜಾರುಗಳಲ್ಲಿ ಮೆಮೊರಿ ಕಾರ್ಡಿಗೆ ಗೇಮ್ ತುಂಬಿಸಿಕೊಡುವ ಅಂಗಡಿಗಳಿದ್ದ ಕಾಲವನ್ನು ನಾನು ಕಂಡಿದ್ದೇನೆ. ಈಗ ಅಂಗಡಿಯೂ ಬೇಕಿಲ್ಲ. ಕಂಪೆನಿ ಕೋಟ್ಯಧೀಶ, ಅವನಿಗೇನು ನಷ್ಟ ಎನ್ನುತ್ತೀರಿ. ಮೂರ್ನಾಲ್ಕು ಜನ ಸೇರಿ ಸಾಲ ಮಾಡಿ ಕಟ್ಟಿದ ಗೇಮನ್ನೂ ನೀವು ಅದೇ ಕೈಯಿಂದ ಕದಿಯುತ್ತೀರಲ್ಲ? ದುಡಿದವನ ಹಕ್ಕಿನ ಬಗ್ಗೆ ಬಸ್ಸಿನಲ್ಲಿ ವಾದಿಸಿ, ಮನೆಗೆ ಹೋಗಿ ಅವನ ಕೂಲಿಯನ್ನು ನುಂಗುವುದು ಯಾವ ನ್ಯಾಯ?

ಬಸ್ಸಿನಿಂದ ಇಳಿಯುವಾಗ ಆ ಮೂಡಲಗಿಯ ಹುಡುಗ, ತಾನು ಗೇಮ್‌ಗಳಿಗೆ ಚಿತ್ರ ಬಿಡಿಸಿಕೊಡುವ ಕೆಲಸಕ್ಕೆ ಅರ್ಜಿ ಹಾಕಿರುವುದಾಗಿ ಹೇಳಿದ. ಕರಾರು ಪತ್ರ ಇಂಗ್ಲಿಷಿನಲ್ಲಿ 14 ಪುಟವಿದೆಯಂತೆ. "ಓದಿದೆಯಾ ಬೇಟಾ?" ಎಂದು ಕೇಳಿದೆ. "ಇಲ್ಲ ಚಾಚಾ, ಸಹಿ ಮಾಡಬೇಕಷ್ಟೆ" ಎಂದ.

ಆದುದರಿಂದ ಹೆತ್ತವರು ಇದನ್ನು ಗಮನಿಸಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರನಾಗಿ ಮಾಡಿದ ಕೃತಿಯ ಮೊದಲ ಒಡೆಯ ಮಾಲಕನೇ. ಸಿನಿಮಾ ಹಾಡು ಬರೆಯುವವರಿಗೆ, ಸಂಗೀತ ಹಾಕುವವರಿಗೆ ಬಿಟ್ಟುಕೊಡಲಾಗದ ಗೌರವಧನದ ಹಕ್ಕನ್ನು 2012ರ ತಿದ್ದುಪಡಿ ಕೊಟ್ಟಿತು. ಅದಕ್ಕಾಗಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ದನಿಯೆತ್ತಿದ್ದರು. ಗೇಮ್‌ಗೆ ಚಿತ್ರ ಬಿಡಿಸುವವನ ಪರವಾಗಿ ಹಾಗೆ ನಿಂತವರನ್ನು ನಾನು ಕಂಡಿಲ್ಲ. ಆದರೂ ಎಲ್ಲವೂ ಕಳೆದುಹೋಗಿಲ್ಲ. ಕೃತಿಯನ್ನು ಮಾರಿದ ಮೇಲೂ ಅದು ತನ್ನದೇ ರಚನೆ ಎಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಕಲಮು ಕರ್ತೃವಿಗೆ ಉಳಿಸಿದೆ. ನೌಕರನಲ್ಲದೆ ಬಿಡಿಯಾಗಿ ದುಡಿಯುವವನು ತನ್ನ ಹಕ್ಕನ್ನು ಬರಹದಲ್ಲಿ, ಸಹಿ ಹಾಕಿ ಕೊಟ್ಟರೆ ಮಾತ್ರ ಅದು ಕೈದಾಟುತ್ತದೆ. ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು 19ನೇ ಕಲಮು ಹೇಳುತ್ತದೆ. ಆ ಎರಡು ಸಾಲುಗಳು 14 ಪುಟಗಳಲ್ಲಿ ಎಲ್ಲಿವೆ ಎಂದು ಹುಡುಕಿ ನೋಡು, ಇಂಗ್ಲಿಷ್ ಬಲ್ಲ ಮೇಷ್ಟ್ರನ್ನೋ ವಕೀಲರನ್ನೋ ಕೇಳು, ಆಮೇಲೆ ಸಹಿ ಮಾಡು ಎಂದು ಆ ಹುಡುಗನಿಗೆ ಹೇಳಿ ನಾನು ಈ ಸಭೆಗೆ ಬಂದೆ.